ಗುರುವಾರದ ಅಂಕಿ

ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿಸಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳ ನೋವನ್ನು ಮನೆಯಲ್ಲೇ ತಗ್ಗಿಸಬಹುದೇ ಎಂಬ ಅಧ್ಯಯನ ಅದು. ಪ್ರತಿ ಗುರುವಾರ ಬೆಳಗಾವಿಯಿಂದ ಖಾನಾಪುರದ ಬಸ್ಸು ಹಿಡಿಯುತ್ತಿದ್ದೆ. ನಾನು ತಂದ ಅಂಕಿ ನೋಡಿ ವೈದ್ಯರು ಮಾರ್ಫಿನ್ ಮಾತ್ರೆಯ ಪ್ರಮಾಣ ನಿರ್ಧರಿಸುತ್ತಿದ್ದರು.

ಖಾನಾಪುರದಲ್ಲಿ ಕುಂಬಾರರ ಮನೆಯ ವೃದ್ಧೆಯೊಬ್ಬರಿದ್ದರು. ನಾನು ಆಯಿ ಎನ್ನುತ್ತಿದ್ದೆ. ರೋಗ ಬೆನ್ನುಮೂಳೆಗೆ ಇಳಿದಿತ್ತು. ಮೊದಲ ದಿನ “ಎಂಟು” ಎಂದರು.

“ನಿನ್ನ ನೋಡಾಕ ಬಂದ ವರಗೋಳಿಗೂ ಹಿಂಗ ನಂಬರ್ ಹಾಕ್ತೀ ಏನವಾ?”

“ಇನ್ನೂ ಯಾರೂ ಬಂದಿಲ್ಲ, ಆಯಿ.”

“ಬಂದ್ರ ಸೊನ್ನಿ ಕೊಡಬ್ಯಾಡ ಮತ್ತ. ಓಡಿ ಹೋಗ್ತಾನ.”

ಎರಡನೇ ವಾರ “ಏಳು” ಎಂದರು. ನಾನು ಚೀಲ ಮುಚ್ಚುವಾಗ ಕೇಳಿದರು: “ಈ ನಂಬರ್ ಬರಕೊಂಡು ಏನ್ ಮಾಡ್ತೀರವಾ ನೀವೆಲ್ಲಾ?”

ಬಸ್ಸಿನ ಹೊತ್ತಾಗಿತ್ತು. “ಅಂಕಿ ಇಳೀತು ಅಂದ್ರ ಮುಂದಿನ ವರ್ಷನೂ ಅನುದಾನ ಕೊಡ್ತಾರ. ಇಲ್ಲಾಂದ್ರ ನಾವು ಬರೂದ ನಿಲ್ತದ” ಎಂದೆ.

ಮುಂದಿನ ವಾರಗಳಲ್ಲಿ ಏಳು ಇದ್ದದ್ದು ಐದಾಯಿತು, ಮೂರಾಯಿತು, ಎರಡಾಯಿತು. ಮಾತ್ರೆ ಹೆಚ್ಚಿಸುವ ಪ್ರಶ್ನೆಯೇ ಬರಲಿಲ್ಲ. ಅನುದಾನದ ಅರ್ಜಿಯ ಕರಡಿನಲ್ಲಿ ನೋವು ಇಳಿಯುತ್ತ ಹೋಗುವುದನ್ನು ತೋರಿಸುವ ನಕ್ಷೆಯ ಗೆರೆಯನ್ನು ನಾನೇ ಎಳೆದಿದ್ದೆ. ಅಂದವಾಗಿ ಕಂಡಿತ್ತು.

ಆಯಿ “ಎರಡು” ಎಂದ ದಿನ ಅಂಕಿಯ ಹಾಳೆಗೆ ಅವರ ಸೊಸೆಯ ಸಹಿ ಹಾಕಿಸುವುದು ಮರೆತು, ನಿಲ್ದಾಣದಿಂದ ಹಿಂತಿರುಗಿದೆ. ಬಾಗಿಲು ತೆರೆದೇ ಇತ್ತು. ಸ್ವಲ್ಪ ಹೊತ್ತಿನ ಹಿಂದೆ ಗೋಡೆಗೊರಗಿ ನಗುತ್ತ ಕುಳಿತಿದ್ದ ಆಯಿ ನೆಲದ ಮೇಲೆ ಮುದುಡಿ ಮಲಗಿದ್ದರು. ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಸೊಸೆ ಅವರ ಬೆನ್ನು ನೀವುತ್ತಿದ್ದಳು.

“ಪ್ರತಿ ಗುರುವಾರ ಹಿಂಗ ರೀ,” ಸೊಸೆ ನನ್ನತ್ತ ನೋಡದೆ ಹೇಳಿದಳು. “ನೀವು ಬರೂಕಿಂತ ಮೊದ್ಲ ಸೀರಿ ಬದಲಿಸು, ಎಬ್ಬಿಸಿ ಕುಂದ್ರಸು ಅಂತಾರ. ಖರೇ ಹೇಳ್ರಿ ಅತ್ತಿ ಅಂದ್ರ, ಪಾಪ ಆ ಪೋರಿ ಕೆಲಸ ಹೋಗ್ತೈತಿ, ನೀ ಬಾಯಿ ಮುಚ್ಚು ಅಂತ ನನಗ ಬೈತಾರ.”

ಆಯಿ ಸೆರಗು ಬಿಟ್ಟು, “ಬಸ್ ತಪ್ಪಿತೇನವಾ?” ಎಂದರು.

ಅಂಗಳದಿಂದಲೇ ವೈದ್ಯರಿಗೆ ಫೋನ್ ಮಾಡಿದೆ. ಅಂದೇ ಪ್ರಮಾಣ ಹೆಚ್ಚಿಸಿದರು. ಮುಂದಿನ ಗುರುವಾರ ಆಯಿ ಸೀರೆ ಬದಲಿಸಿರಲಿಲ್ಲ. ಮಲಗಿಕೊಂಡೇ, “ನಾಕು. ಈ ಸಲ ಖರೇ” ಎಂದರು. ಅವರಿಗೆ ಇನ್ನೊಂದು ಗುರುವಾರ ಬರಲಿಲ್ಲ.

ಅವರ ಹಿಂದಿನ ಅಂಕಿಗಳನ್ನು ನಂಬಬಾರದು, ಅದಕ್ಕೆ ನನ್ನ ಮಾತೇ ಕಾರಣ ಎಂದು ಒಂದು ಪುಟ ಬರೆದು ಅಧ್ಯಯನದ ಮುಖ್ಯಸ್ಥೆಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಬೇರೆ ರೋಗಿಗಳಿಗೂ ಹೀಗೆ ಹೇಳಿದ್ದೆಯಾ ಎಂದು ಕೇಳಿದರು. ಕೆಲವರಿಗೆ ಹೇಳಿದ್ದೆ; ಯಾರಿಗೆಲ್ಲ ಎಂಬುದು ನೆನಪಿರಲಿಲ್ಲ. ಆ ಗೆರೆಯನ್ನು ಅರ್ಜಿಯಿಂದ ತೆಗೆದೆವು. ಅನುದಾನ ಮುಂದುವರಿಯಲಿಲ್ಲ.

ಬೆಳಗಾವಿಯ ಸದಾಶಿವನಗರದ ನನ್ನ ಕೋಣೆಯಲ್ಲಿ ಗುರುವಾರ ಈಗಲೂ ಬೇಗ ಎಚ್ಚರವಾಗುತ್ತದೆ. ಮೊದಲ ದಿನ ಎಂಟು ಎಂದಿದ್ದ ಇನ್ನಿಬ್ಬರು ರೋಗಿಗಳು ಖಾನಾಪುರದ ಕಡೆ ಇದ್ದಾರೆ. ಅವರ ನೋವು ಎಷ್ಟೆಂದು ಈಗ ಯಾರೂ ಕೇಳುತ್ತಿಲ್ಲ.