ಎಂಟನೇ ಫಾರಂ

ಆಕೆಗೆ ಮುದ್ರಣಾಲಯದವರು ಇಟ್ಟ ಹೆಸರು ಫಾರಮ್ಮ. ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಒಂದು ಫಾರಂ. ಅಂಥ ಹದಿನೈದೋ ಇಪ್ಪತ್ತೋ ಫಾರಂಗಳನ್ನು ಒಂದರ ಮೇಲೊಂದಿಟ್ಟು ಹೊಲಿದರೆ ಒಂದು ಪುಸ್ತಕ. ಆ ಜೋಡಣೆ ಸರಿಯಿದೆಯೇ ಎಂದು ನೋಡುವುದು ಇಪ್ಪತ್ತೊಂಬತ್ತು ವರ್ಷ ಅವಳ ಕೆಲಸವಾಗಿತ್ತು. ಹೆಬ್ಬೆರಳಿನಿಂದ ಪುಟಗಳನ್ನು ಸರಸರನೆ ಹಾರಿಸಿದರೆ ಸಾಕು, ಒಂದು ಪುಸ್ತಕದ ಫಾರಂ ಇನ್ನೊಂದರಲ್ಲಿ ನುಸುಳಿದ್ದರೆ ಅಲ್ಲೇ ಹಿಡಿದುಬಿಡುತ್ತಿದ್ದಳು. ನೋಡುವ ನೆಪದಲ್ಲಿ ಓದುತ್ತಲೂ ಇದ್ದಳು. "ನಿನ್ನನ್ನ ಇಟ್ಕೊಂಡಿರೋದು ನೋಡೋದಕ್ಕೆ ತಾಯಿ, ಓದೋದಕ್ಕಲ್ಲ" ಎಂದು ಮಾಲೀಕರು ಗದರಿದಾಗಲೆಲ್ಲ, "ಕಣ್ಣಿಗೆ ಬಿದ್ದಿದ್ದು ತಲೆಗೆ ಹೋಗುತ್ತೆ ಸಾರ್, ನಾನೇನು ಮಾಡ್ಲಿ" ಎನ್ನುತ್ತಿದ್ದಳು.

ನಿವೃತ್ತಳಾದ ಮೇಲೆ ಒಂದು ಸಾಹಿತ್ಯ ಸಂಘದವರು ಅವಳನ್ನು ಹುಡುಕಿಕೊಂಡು ಬಂದರು. ಅವರು ವರ್ಷಕ್ಕೊಮ್ಮೆ ಹೊಸ ಕಾದಂಬರಿಗೆ ಬಹುಮಾನ ಕೊಡುತ್ತಾರೆ. ತೀರ್ಪುಗಾರರು ಮೂವರು, ಆದರೆ ಬಂದ ಎಂಬತ್ತು ತೊಂಬತ್ತು ಪುಸ್ತಕಗಳನ್ನು ಓದುವಷ್ಟು ಪುರುಸೊತ್ತು ಆ ಮೂವರಿಗೂ ಇಲ್ಲ. ಅದಕ್ಕೆ ಮೊದಲು ಓದಿ ಆರಿಸುವವರೊಬ್ಬರು ಬೇಕು. ಲೇಖಕರ ಹೆಸರಿರುವ ಹಾಳೆ ಕತ್ತರಿಸಿ, ಕಂದು ಕಾಗದದ ಹೊದಿಕೆ ಹಾಕಿ, ಬರೀ ನಂಬರು ಅಂಟಿಸಿದ ಪುಸ್ತಕಗಳು ಮೂಟೆಯಲ್ಲಿ ಮನೆಗೆ ಬರುತ್ತವೆ. ಒಂದೊಂದಕ್ಕೂ ಒಂದು ಚೀಟಿ. ಅದರ ಮೇಲೆ 'ಮುಂದಕ್ಕೆ' ಅಥವಾ 'ಪಕ್ಕಕ್ಕೆ' ಎಂದು ಬರೆಯಬೇಕು. ಹನ್ನೆರಡು ಮುಂದಕ್ಕೆ ಹೋಗುತ್ತವೆ. ಮಿಕ್ಕವನ್ನು ಆಮೇಲೆ ಯಾರೂ ತೆರೆದು ನೋಡುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಯ ಜಾಗದಲ್ಲಿ ಎಂಟು ವರ್ಷದಿಂದ ಕೂತವಳು ಫಾರಮ್ಮ.

ಆದರೆ ಅಸಲಿ ತೀರ್ಪು ಅವಳದಾಗಿರಲಿಲ್ಲ, ಅವಳ ತಂಗಿಯದು. ತಂಗಿ ಗಂಡನ ಮನೆ ಬಿಟ್ಟು ಬಂದವಳು, ಇವಳು ಅಂಥದ್ದೊಂದು ಮನೆಗೆ ಹೋಗದೇ ಉಳಿದವಳು. ಎರಡೇ ಕೋಣೆಯ ಮನೆಯಲ್ಲಿ ತಂಗಿ ತರಕಾರಿ ಹೆಚ್ಚುತ್ತಲೋ ಬಟ್ಟೆಗೆ ಗುಂಡಿ ಹಾಕುತ್ತಲೋ ಕೂತಿರುವಾಗ ಅಕ್ಕ ಗಟ್ಟಿಯಾಗಿ ಓದುತ್ತಿದ್ದಳು. ತಂಗಿ ಹೂಂಗುಟ್ಟುತ್ತಿದ್ದಳು. ಆ ಹೂಂ ನಿಂತಿತೆಂದರೆ ಪುಸ್ತಕ ಸೋತಿತು ಎಂದೇ ಲೆಕ್ಕ. "ಆಮೇಲೆ?" ಎಂದಳೆಂದರೆ ಚೀಟಿಯ ಮೇಲೆ 'ಮುಂದಕ್ಕೆ' ಬೀಳುತ್ತಿತ್ತು. ಸಂಘದವರಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ತಂಗಿಯನ್ನೇ ನೇಮಿಸಿಕೊಳ್ಳುತ್ತಿದ್ದರೋ ಏನೋ.

ತಂಗಿ ಹೋಗಿ ಐದು ತಿಂಗಳಾಗಿತ್ತು. ಬೆಳಿಗ್ಗೆ ತಲೆನೋವು ಅಂದಳು, ಸಂಜೆಗೆ ಇರಲಿಲ್ಲ. ಫಾರಮ್ಮ ಅಳಲಿಲ್ಲ. ಬಂದವರು ಅತ್ತರು, ಇವಳೇ ಅವರಿಗೆ ನೀರು ಕೊಟ್ಟಳು. ಧೈರ್ಯವಂತೆ ಎಂದು ಹೊಗಳಿ ಹೋದರು. ಧೈರ್ಯವೂ ಇಲ್ಲ ಮಣ್ಣೂ ಇಲ್ಲ, ಒಳಗೆ ಏನೂ ಆಗುತ್ತಿರಲಿಲ್ಲ ಅಷ್ಟೆ. ಊಟಕ್ಕೆ ರುಚಿಯಿರಲಿಲ್ಲ, ಹಸಿವೂ ಇರಲಿಲ್ಲ.

ಆ ವರ್ಷದ ಮೂಟೆ ಅಂಥ ಹೊತ್ತಿಗೆ ಬಂತು. ಎಂಬತ್ತನಾಲ್ಕು ಪುಸ್ತಕ. ಗಟ್ಟಿಯಾಗಿ ಓದಲು ಕೇಳುವವರಿಲ್ಲ, ಮನಸ್ಸಿನಲ್ಲೇ ಓದಿದರೆ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಒಂದರಲ್ಲಿ ತಾಯಿ ಸಾಯುತ್ತಾಳೆ, ಇನ್ನೊಂದರಲ್ಲಿ ಊರಿಗೆ ಊರೇ ಮುಳುಗುತ್ತದೆ, ಮತ್ತೊಂದರಲ್ಲಿ ನಾಯಕ ಮುನ್ನೂರು ಪುಟ ಕಿಟಕಿಯಿಂದ ಹೊರಗೆ ನೋಡುತ್ತಾನೆ. ಅವಳಿಗೆ ಎಲ್ಲವೂ ಒಂದೇ ಆಗಿ ಕಂಡವು. ಬೇಡ ಎನ್ನಬಹುದಿತ್ತು. ಆದರೆ ಬೇಡ ಎನ್ನಲಿಕ್ಕೂ ಒಂದಿಷ್ಟು ಜೀವ ಬೇಕಲ್ಲ. ಕೊನೆಗೆ ಒಂದು ಉಪಾಯ ಮಾಡಿಕೊಂಡಳು: ಮೊದಲ ಮೂವತ್ತು ಪುಟ, ಕೊನೆಯ ಹತ್ತು, ನಡುವೆ ಎಲ್ಲಾದರೂ ಒಂದು ಫಾರಂ. ಮೂಟೆ ಅರ್ಧವಾಗುವ ಹೊತ್ತಿಗೆ ನಡುವಿನದನ್ನೂ ಬಿಟ್ಟಳು. ಚೀಟಿಗಳ ಮೇಲೆ ಕಾಟಾಚಾರಕ್ಕೆ ಒಂದೊಂದೇ ಸಾಲು ಬರೆದಳು.

ಒಂದು ಚೀಟಿ ಮಾತ್ರ ಅರ್ಧ ಪುಟವಾಯಿತು. ಅದು ಮೂವತ್ತೊಂದನೇ ನಂಬರಿನದು. ಬಡ್ತಿ ತಪ್ಪಿದ ಅಧಿಕಾರಿಯೊಬ್ಬನ ಗೊಣಗಾಟದ ಕಾದಂಬರಿ. ನಡುವೆ ತೆರೆದರೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ, ಅಲ್ಲೊಬ್ಬ ಹೆಂಗಸು. ದೊಡ್ಡ ಚಾದರ ಮಡಿಸಲು ಇಬ್ಬರು ಬೇಕು. ಅವಳ ಜೊತೆಯವಳು ಸತ್ತಿದ್ದಾಳೆ. ಅವಳು ಚಾದರದ ಒಂದು ಅಂಚನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಹಿಡಿದು ಹಿಂದಕ್ಕೆ ನಡೆದು, ಒಬ್ಬಳೇ ಮಡಿಸುತ್ತಾಳೆ. ದಿನಕ್ಕೆ ನೂರಿಪ್ಪತ್ತು ಚಾದರ. ಫಾರಮ್ಮ ಆ ಹದಿನಾರು ಪುಟಗಳನ್ನು ಎರಡು ಸಲ ಓದಿದಳು. ಅಳುವೇನೂ ಬರಲಿಲ್ಲ, ಆದರೆ ಕೈ ತಾನಾಗಿ ಬರೆಯುತ್ತಾ ಹೋಯಿತು: 'ಅಧಿಕಾರಿಯನ್ನು ಇದ್ದಕ್ಕಿದ್ದಂತೆ ಬಿಟ್ಟು ಈ ಹೆಂಗಸಿನ ಕಡೆ ತಿರುಗಿದ್ದು ದಿಟ್ಟತನ. ಮುಂದಕ್ಕೆ.' ಕೊನೆಯ ಹತ್ತು ಪುಟಗಳಲ್ಲಿ ಆ ಹೆಂಗಸಿನ ಸುಳಿವೇ ಇರಲಿಲ್ಲ. ಈಗಿನ ಕಾದಂಬರಿಗಳಲ್ಲಿ ಇದೆಲ್ಲ ಮಾಮೂಲು ಎಂದುಕೊಂಡಳು.

ತೀರ್ಪುಗಾರರ ಸಭೆ ಬೆಳಿಗ್ಗೆ ಹತ್ತಕ್ಕೆ, ಸಂಘದ ಮಹಡಿಯ ಮೇಲೆ. ಅಧ್ಯಕ್ಷರು, ಒಬ್ಬ ಡಾಕ್ಟರಮ್ಮ, ಒಬ್ಬ ವಿಮರ್ಶಕರು. ಮೂವರ ಮುಂದೂ ಹನ್ನೆರಡು ಪುಸ್ತಕಗಳ ತಮ್ಮ ತಮ್ಮ ಪ್ರತಿ. ಗೋಡೆ ಪಕ್ಕದ ಕುರ್ಚಿಯಲ್ಲಿ, ತನಗೆ ಬಂದಿದ್ದ ಪ್ರತಿಗಳನ್ನಿಟ್ಟುಕೊಂಡು, ಫಾರಮ್ಮ. ಅಧ್ಯಕ್ಷರು ಕನ್ನಡಕ ಏರಿಸಿ, "ಮೂವತ್ತೊಂದಕ್ಕೆ ನಮ್ಮ ಫಾರಮ್ಮನವರು ದೊಡ್ಡ ಟಿಪ್ಪಣಿ ಬರೆದಿದ್ದಾರೆ, ಕೇಳಿ" ಎಂದು ಚೀಟಿ ಓದಿದರು.

"ಯಾವ ಹೆಂಗಸು? ಯಾವ ಚಾದರ?" ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ನಾನು ಪೂರ್ತಿ ಓದಿದೀನಿ. ಅಂಥವಳು ಯಾರೂ ಇಲ್ವಲ್ಲ ಇದರಲ್ಲಿ."

"ಇದ್ದಾಳೆ ಡಾಕ್ಟ್ರೇ," ವಿಮರ್ಶಕರು ಕುರ್ಚಿಗೆ ಒರಗಿದರು. "ಬಹಳ ಸೂಕ್ಷ್ಮವಾಗಿ ತಂದಿದ್ದಾರೆ. ಎರಡನೇ ಓದಿಗೆ ಸಿಗ್ತಾಳೆ. ಇಡೀ ಕೃತಿಯ ಕೇಂದ್ರವೇ ಅವಳು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಡಾಕ್ಟರಮ್ಮ ಬಿಡಲಿಲ್ಲ. "ಯಾವ ಪುಟ ಹೇಳಿ." ಫಾರಮ್ಮ ನೂರ ಹದಿಮೂರು ಎಂದಳು. ಮೂರು ಪ್ರತಿಗಳಲ್ಲೂ ನೂರ ಹದಿಮೂರನೇ ಪುಟದಲ್ಲಿ ಅಧಿಕಾರಿ ಹಲ್ಲಿನ ವೈದ್ಯನ ಜೊತೆ ಜಗಳವಾಡುತ್ತಿದ್ದ. ಫಾರಮ್ಮನ ಪ್ರತಿಯಲ್ಲಿ ಮಾತ್ರ ಚಾದರ. ವಿಮರ್ಶಕರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು.

ಫಾರಮ್ಮ ತನ್ನ ಪ್ರತಿಯನ್ನು ಎತ್ತಿ ಹೊಲಿಗೆಯ ಕಡೆಯಿಂದ ನೋಡಿದಳು. ನೂರ ಹದಿಮೂರರಿಂದ ನೂರ ಇಪ್ಪತ್ತೆಂಟು. ಎಂಟನೇ ಫಾರಂ. ಇಪ್ಪತ್ತೊಂಬತ್ತು ವರ್ಷ ಹೆಬ್ಬೆರಳಲ್ಲಿ ಹಿಡಿಯುತ್ತಿದ್ದ ತಪ್ಪು, ಎರಡು ಸಲ ಓದಿಯೂ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಗಬೇಕಿತ್ತು. ಅದೂ ಆಗಲಿಲ್ಲ.

"ಇದು ಬೇರೆ ಪುಸ್ತಕದ ಫಾರಂ ಸಾರ್," ಎಂದಳು. "ಎರಡೂ ಒಂದೇ ಪ್ರೆಸ್ಸಲ್ಲಿ ಒಂದೇ ದಿನ ಜೋಡಣೆಗೆ ಬಂದಿರಬೇಕು. ಅಳತೆ ಒಂದೇ, ಅಕ್ಷರ ಒಂದೇ."

"ಆ ಬೇರೆ ಪುಸ್ತಕ ನಮಗೆ ಬಂದಿದೆಯೋ?" ಅಧ್ಯಕ್ಷರು ಕೇಳಿದರು.

ಗುಮಾಸ್ತ ಹಿಂದಿನ ಕೋಣೆಯಿಂದ ಪಕ್ಕಕ್ಕಿಟ್ಟ ಎಪ್ಪತ್ತೆರಡನ್ನೂ ಹೊತ್ತು ತಂದ. ಅವಳು ನೆಲದ ಮೇಲೆ ಕೂತು ಒಂದೊಂದರ ನೂರ ಹದಿಮೂರನೇ ಪುಟ ತೆರೆದಳು. ಐವತ್ತೆಂಟನೇ ನಂಬರಿನಲ್ಲಿ ಚಾದರ ಸಿಕ್ಕಿತು. ಒಳಗೆ ಅವಳದೇ ಚೀಟಿ: 'ಸಾಧಾರಣ. ಪಕ್ಕಕ್ಕೆ.' ಅದರ ಸರದಿ ಬರುವ ಹೊತ್ತಿಗೆ ನಡುವಿನದನ್ನು ಓದುವುದು ಬಿಟ್ಟಾಗಿತ್ತು.

ಅಧ್ಯಕ್ಷರು ಒಳ್ಳೆಯವರು. ತಗ್ಗಿದ ದನಿಯಲ್ಲಿ ಹೇಳಿದರು, "ಮೂವತ್ತೊಂದನ್ನ ತೆಗೆದು ಇದನ್ನ ಸೇರಿಸಿಬಿಡೋಣ. ಈ ಕೋಣೆ ಬಿಟ್ಟು ವಿಷಯ ಹೊರಗೆ ಹೋಗೋದು ಬೇಡ. ಯಾರಿಗೆ ಆಗಲ್ಲ ಹೇಳಿ ತಪ್ಪು."

ಫಾರಮ್ಮ ಸುತ್ತಲಿನ ಪುಸ್ತಕಗಳನ್ನು ನೋಡಿದಳು. ಒಂದೊಂದಕ್ಕೂ ಯಾರೋ ಒಬ್ಬರು ಎಷ್ಟೋ ವರ್ಷ ಕೊಟ್ಟಿದ್ದಾರೆ.

"ಇದೊಂದು ಸಿಕ್ತು ಸಾರ್. ಮಿಕ್ಕ ಎಪ್ಪತ್ತೊಂದಕ್ಕೆ ಏನು ಹೇಳೋಣ? ಬೈಂಡಿಂಗಿನವರ ತಪ್ಪು ಹದಿನಾರು ಪುಟದ್ದು. ನನ್ನ ತಪ್ಪು ಅಷ್ಟರದ್ದಲ್ಲ. ತಂಗಿ ಸತ್ತಮೇಲೆ ನಾನು ಒಂದು ಪುಸ್ತಕಾನೂ ಓದಿಲ್ಲ, ಬರೀ ಪುಟ ತಿರುವಿದೀನಿ. ಹಾಗಂತ ಬರೆದು ಕೊಡ್ತೀನಿ. ಮತ್ತೆ ಓದಿಸಿ."

ಬರೆದು ಕೊಟ್ಟಳು. ಬಹುಮಾನದ ಘೋಷಣೆ ಒಂದು ತಿಂಗಳು ಮುಂದಕ್ಕೆ ಹೋಯಿತು. ಅರ್ಧ ಪುಸ್ತಕಗಳನ್ನು ಒಬ್ಬ ನಿವೃತ್ತ ಮೇಷ್ಟ್ರಿಗೆ ವಹಿಸಿದರು, ಮಿಕ್ಕರ್ಧ ಇವಳಿಗೆ. ಮುಂದಿನ ವರ್ಷಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂಬ ಪತ್ರವೂ ಬಂತು. ಅದು ನ್ಯಾಯವೇ.

ಅವಳು ಮೊದಲು ತೆಗೆದುಕೊಂಡದ್ದು ಐವತ್ತೆಂಟು. ಮೊದಲ ಪುಟದಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ, ಮೂರು ದಿನ ಓದಿದಳು. ಓದುತ್ತಾ ಓದುತ್ತಾ ಎದೆಯಲ್ಲಿ ಏನೋ ಕುಸಿಯಿತು. ಪುಸ್ತಕ ಚೆನ್ನಾಗಿರಲಿಲ್ಲ. ಮೊದಲ ನೂರು ಪುಟ ಒಂದು ಮನೆತನದ ಹಳೇ ಪುರಾಣ, ತಲೆಬುಡವಿಲ್ಲದ್ದು. ಚಾದರದವಳು ಬಂದ ಮೇಲೆ ಹದಿನಾರು ಪುಟ ಕತೆ ಉಸಿರಾಡುತ್ತದೆ. ಆಮೇಲೆ ಆಸ್ಪತ್ರೆಯ ಮೇಲಧಿಕಾರಿ ಅವಳನ್ನು ಮದುವೆಯಾಗುತ್ತಾನೆ, ಕೊನೆಯಲ್ಲಿ ಅವಳು ಸಭೆಯಲ್ಲಿ ನಿಂತು ಉಪದೇಶ ಮಾಡುತ್ತಾಳೆ. ಬರೆದವರ ಕೈಲಿದ್ದುದೆಲ್ಲ ಆ ಒಂದು ಫಾರಮಿಗೇ ಮುಗಿದಿತ್ತು.

ಅವಳಿಗೆ ಅದನ್ನು ಮುಂದಕ್ಕೆ ಕಳಿಸಬೇಕೆಂಬ ಆಸೆ ತಡೆಯಲಾಗಲಿಲ್ಲ. ಅನ್ಯಾಯ ಮಾಡಿದ್ದು ತಾನೇ. ಆ ಪುಟಗಳಿಲ್ಲದಿದ್ದರೆ ಬಾಯಿ ಬಿಟ್ಟು ನಿಜ ಹೇಳುತ್ತಲೂ ಇರಲಿಲ್ಲ. ಚೀಟಿಯ ಮೇಲೆ 'ಮುಂದಕ್ಕೆ' ಎಂದು ಬರೆದೂಬಿಟ್ಟಳು. ಇಡೀ ಮಧ್ಯಾಹ್ನ ಅದನ್ನು ನೋಡುತ್ತಾ ಕೂತಳು. ಆಮೇಲೆ ಹೊಡೆದು ಹಾಕಿ, ಕೆಳಗೆ 'ಪಕ್ಕಕ್ಕೆ' ಎಂದು ಬರೆದಳು.

ಬರೆಯುವಾಗ ನೋವಾಯಿತು. ಇಷ್ಟು ತಿಂಗಳಲ್ಲಿ ಮೊದಲ ಸಲ ಏನೋ ಒಂದು ನೋವಾಯಿತು. ಅಯ್ಯೋ ಪಾಪ, ಅಷ್ಟು ಚಂದದ ಹದಿನಾರು ಪುಟ ಬರೆದವರು ಯಾರೋ ಏನೋ ಎಂದುಕೊಳ್ಳುತ್ತಿದ್ದಂತೆ ಕಣ್ಣು ತುಂಬಿ ಬಂತು. ಶಾಯಿ ಕಲೆಸಿಹೋಗದಂತೆ ಚೀಟಿಯನ್ನು ದೂರ ಸರಿಸಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ತಂಗಿಗಾಗಿ ಅತ್ತಳು.