ಎಡಗೆನ್ನೆ

ನಮ್ಮಪ್ಪ ತಾವು ವಿಮಾನ ಹತ್ತುವುದಕ್ಕೆ ಮೊದಲೇ ಅರ್ಧ ಊರನ್ನು ವಿಮಾನ ಹತ್ತಿಸಿದವರು. ಇದು ಅವರೇ ಹೇಳಿಕೊಳ್ಳುತ್ತಿದ್ದ ಮಾತು. ಬಸ್ ನಿಲ್ದಾಣದ ಎದುರಿಗಿರುವ ಅವರ ಫೋಟೋ ಸ್ಟುಡಿಯೋಗೆ ವೀಸಾ ಎಂದು ಓಡಾಡುವವರೆಲ್ಲ ಮೂವತ್ತು ವರ್ಷದಿಂದ ಬರುತ್ತಿದ್ದಾರೆ. ಯಾವ ದೇಶಕ್ಕೆ ಎಷ್ಟು ಅಳತೆ, ಯಾರು ಬಿಳಿ ಹಿನ್ನೆಲೆ ಕೇಳುತ್ತಾರೆ, ಯಾರು ತಿಳಿ ಬೂದು ಕೇಳುತ್ತಾರೆ, ಕಿವಿ ಎಷ್ಟು ಕಾಣಬೇಕು, ಹಲ್ಲು ಬಿಡಬಹುದೇ ಇಲ್ಲವೇ, ಎಲ್ಲವೂ ಅವರಿಗೆ ಬಾಯಿಪಾಠ. ಹೊರದೇಶಗಳ ಬಗ್ಗೆ ಅವರಿಗೆ ಗೊತ್ತಿದ್ದದ್ದೂ ಅಷ್ಟೇ.

ಊರಿನವರು ಅವರಿಗೆ ಇಟ್ಟ ಹೆಸರು ಟಚಿಂಗ್ ಸಾಹೇಬರು. ಫಿಲ್ಮಿನ ಕಾಲದಲ್ಲಿ ಪೆನ್ಸಿಲನ್ನು ಸೂಜಿಯ ಹಾಗೆ ಚೂಪು ಮಾಡಿಕೊಂಡು, ನೆಗೆಟಿವಿನ ಮೇಲೆ ಬಗ್ಗಿ ಕೂತು, ಮೊಡವೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ತಿದ್ದುತ್ತಿದ್ದರು. ಕಂಪ್ಯೂಟರ್ ಬಂದಮೇಲೆ ಅದೇ ಕೆಲಸ ಮೌಸಿನಲ್ಲಿ. ಅವರು ತೆಗೆದ ಫೋಟೋ ನೋಡಿ ಒಪ್ಪಿದ್ದ ಗಂಡಿನ ಕಡೆಯವರು, ಮನೆಗೆ ಬಂದಾಗ ಹುಡುಗಿಯ ಗುರುತು ಸಿಗದೆ ಅವಳ ತಂಗಿಯ ಹತ್ತಿರ ಮಾತಿಗಿಳಿದಿದ್ದರಂತೆ. ಅಪ್ಪ ಇದನ್ನು ನಗುನಗುತ್ತಾ ಹೇಳುತ್ತಿದ್ದರು, ಏನೋ ಬಹುಮಾನ ಬಂದವರ ಹಾಗೆ.

ಆದರೆ ವೀಸಾ ಫೋಟೋಗೆ ಮಾತ್ರ ಅವರು ಕೈ ಹಚ್ಚುತ್ತಿರಲಿಲ್ಲ. ಒಮ್ಮೆ ಬ್ಯಾಂಕ್ ಮ್ಯಾನೇಜರರು ಮೂಗಿನ ಪಕ್ಕದ ನರಹುಲಿ ತೆಗೆದುಬಿಡಿ ಎಂದು ಅಂಗಲಾಚಿದರು. ಅಪ್ಪ ಕಾಲು ಗಂಟೆ ಪಾಠ ಮಾಡಿದರು. ಇದು ಗವರ್ನಮೆಂಟ್ ಕೆಲಸ, ಮುಖದಲ್ಲಿ ಏನಿದೆಯೋ ಅದೇ ಇರಬೇಕು, ಒಂದು ಕೂದಲು ಅತ್ತಿತ್ತ ಆದರೂ ಬಾಗಿಲಲ್ಲೇ ನಿಲ್ಲಿಸುತ್ತಾರೆ ಎಂದರು. ಮ್ಯಾನೇಜರರು ನರಹುಲಿಯ ಸಮೇತ ಹೋಗಿ ಬಂದರು. ನಮ್ಮ ಮನೆಯಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದ್ದಾರೆಂದರೆ, ನರಹುಲಿ ಎಂದರೆ ಸಾಕು, ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಇನ್ನು ಅಮ್ಮ. ಅಂಚೆ ಕಚೇರಿಯಲ್ಲಿ ಕೌಂಟರ್ ಗುಮಾಸ್ತೆ, ಇಪ್ಪತ್ತೆರಡು ವರ್ಷದ ಸರ್ವೀಸು. ಎಡಗೆನ್ನೆಯ ಮೇಲೆ ಹುಟ್ಟುಮಚ್ಚೆ ಇದೆ. ಕಣ್ಣಿನ ತುದಿಯಿಂದ ದವಡೆಯವರೆಗೆ, ಎರಡು ಬೆರಳಗಲ, ಗಾಢ ಕಂದು. ಅದನ್ನು ಮುಚ್ಚಿಕೊಳ್ಳಲು ಅವಳು ಸೆರಗು ಎಳೆದುಕೊಂಡದ್ದನ್ನು, ಪೌಡರ್ ಬಳಿದದ್ದನ್ನು ನಾನು ನೋಡಿಲ್ಲ. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಬಾಚಿ, ಗಂಟು ಹಾಕಿ, ಕೌಂಟರಿನ ಬೆಳಕಿಗೆ ಮುಖ ಕೊಟ್ಟು ಕೂರುತ್ತಾಳೆ. ಪುಟ್ಟ ಮಕ್ಕಳು ಅದೇನು ಎಂದು ಕೇಳಿದರೆ, ನಾನು ಹುಟ್ಟುವಾಗಲೇ ಹೊಡೆದ ಸೀಲು, ಅದಿಲ್ಲದಿದ್ದರೆ ಕಾಗದ ತಲುಪುವುದಿಲ್ಲ ಎನ್ನುತ್ತಾಳೆ.

ನಮ್ಮ ಮನೆಯ ಆಲ್ಬಮ್ಮುಗಳಲ್ಲಿ ಮಾತ್ರ ಅಮ್ಮ ಯಾವಾಗಲೂ ಪಕ್ಕಕ್ಕೆ ತಿರುಗಿರುತ್ತಾಳೆ. ನನ್ನನ್ನು ನೋಡುತ್ತಾ, ಕಿಟಕಿ ನೋಡುತ್ತಾ, ಹೂಕುಂಡ ನೋಡುತ್ತಾ, ಬಲಗೆನ್ನೆ ಕೊಟ್ಟು ನಿಂತಿರುತ್ತಾಳೆ. ನಿನ್ನ ಮುಖಕ್ಕೆ ಆ ಕಡೆಯಿಂದಲೇ ಬೆಳಕು ಚೆನ್ನಾಗಿ ಕೂರುತ್ತದೆ ಎಂದು ಅಪ್ಪ ಮದುವೆಯಾದ ಹೊಸದರಲ್ಲಿ ಹೇಳಿದ್ದರಂತೆ. ಫೋಟೋಗ್ರಾಫರ್ ಬೆಳಕು ಎಂದರೆ ನಂಬದಿರುವುದು ಹೇಗೆ? ಅಮ್ಮ ನಂಬಿದಳು, ಅಥವಾ ನಂಬೋಣ ಎಂದುಕೊಂಡಳು. ಇಪ್ಪತ್ತಾರು ವರ್ಷ ಅದರ ಮೇಲೆಯೇ ಸಂಸಾರ ಸಾಗಿತ್ತು.

ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ದೂರದ ಚಳಿ ದೇಶದ ಒಂದು ಊರಿನಲ್ಲಿ ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ಅಕ್ಕ ತಂಗಿ ಮುಖ ನೋಡಿ ಹದಿನಾಲ್ಕು ವರ್ಷವಾಗಿತ್ತು. ಅಮ್ಮನಿಗೆ ಈ ಪ್ರಯಾಣದಲ್ಲಿ ಬೇಕಿದ್ದದ್ದು ಅಕ್ಕ ಒಬ್ಬಳೇ. ಅಪ್ಪನಿಗೆ ಮಂಜು ಬೇಕಿತ್ತು, ಸೇತುವೆ ಬೇಕಿತ್ತು, ತಾವು ಇಷ್ಟು ವರ್ಷ ಜನರನ್ನು ಕಳಿಸಿಕೊಟ್ಟ ಜಾಗ ಹೇಗಿದೆ ಎಂದು ನೋಡಬೇಕಿತ್ತು.

ಪಾಸ್‌ಪೋರ್ಟಿನ ಫೋಟೋವನ್ನು ಪಾಸ್‌ಪೋರ್ಟ್ ಕಚೇರಿಯವರೇ ತೆಗೆದರು. ಅದರಲ್ಲಿ ಅಮ್ಮ ನೆಟ್ಟಗೆ ಕೂತಿದ್ದಳು, ಮಚ್ಚೆ ಇದ್ದಂತೆಯೇ ಇತ್ತು. ಅಪ್ಪ ಆ ಗುಮಾಸ್ತನನ್ನು ವಾರವಿಡೀ ಬೈದರು. ಬೆಳಕಿನ ಗಂಧಗಾಳಿ ಇಲ್ಲದವನು ಎಂದರು. ವೀಸಾದ ಫೋಟೋ ಮಾತ್ರ ನಮ್ಮ ಸ್ಟುಡಿಯೋದಲ್ಲೇ ಆಯಿತು. ವೀಸಾಕ್ಕೆ ಪಕ್ಕಕ್ಕೆ ತಿರುಗುವ ಹಾಗಿಲ್ಲವಲ್ಲ! ಅಪ್ಪನ ಕ್ಯಾಮೆರಾದ ಮುಂದೆ ಅಮ್ಮ ನೆಟ್ಟಗೆ ಕೂತದ್ದು ಅದೇ ಮೊದಲು. ಪ್ರಿಂಟನ್ನು ಅರ್ಜಿಗೆ ಅಂಟಿಸಿದವಳು ನಾನು. ಕೆನ್ನೆ ನುಣ್ಣಗಿತ್ತು. ನೋಡಿದೆ, ಚೆನ್ನಾಗಿ ಬಂದಿದೆ ಅಂದುಕೊಂಡೆ, ಅಂಟಿಸಿದೆ. ನನ್ನ ಪಾಲಿನ ತಪ್ಪನ್ನು ನಾನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಅಮ್ಮ ಆಫೀಸಿನಲ್ಲಿದ್ದಳು, ಅವಳು ಅದನ್ನು ನೋಡಲೇ ಇಲ್ಲ. ವೀಸಾ ಕೊಟ್ಟವರೂ ಬೆರಳಚ್ಚು ತೆಗೆದುಕೊಂಡರೇ ಹೊರತು ಮುಖ ನೋಡಲಿಲ್ಲ.

ದೊಡ್ಡಮ್ಮನ ಊರಿನಲ್ಲಿ ಬೆಳಿಗ್ಗೆ ಏಳಕ್ಕೆ ಇಳಿದೆವು. ಗಾಜಿನ ಆಚೆ ಎಲ್ಲ ಬೂದು ಬಣ್ಣ. ಅಪ್ಪ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಮದುಮಗನ ಗತ್ತಿನಲ್ಲಿ ಸಾಲಿನಲ್ಲಿ ನಿಂತಿದ್ದರು. ಅವರದ್ದಾಯಿತು, ನನ್ನದಾಯಿತು. ಅಮ್ಮನ ಪಾಸ್‌ಪೋರ್ಟ್ ಹಿಡಿದ ಅಧಿಕಾರಿ ಹುಡುಗಿ ಫೋಟೋ ಇರುವ ಮೊದಲ ಪುಟ ನೋಡಿದಳು, ವೀಸಾದ ಪುಟ ನೋಡಿದಳು, ಅಮ್ಮನನ್ನು ನೋಡಿದಳು. ಇನ್ನೊಂದು ಸುತ್ತು ನೋಡಿದಳು. ಆಮೇಲೆ ಎದ್ದು ನಮ್ಮ ಮೂವರನ್ನೂ ಒಂದು ಕೋಣೆಗೆ ಕರೆದುಕೊಂಡು ಹೋದಳು.

ಕಿಟಕಿಯಿಲ್ಲದ ಕೋಣೆ. ನೆಲಕ್ಕೆ ಬಿಗಿದ ಕುರ್ಚಿಗಳು, ಕಬ್ಬಿಣದ ಮೇಜು, ಗೋಡೆಯಲ್ಲಿ ಟಕ್ ಟಕ್ ಎನ್ನುತ್ತಿದ್ದರೂ ಬಿಸಿಯಾಗದ ಒಂದು ಹೀಟರ್. ದಪ್ಪ ಕೋಟುಗಳನ್ನು ದೊಡ್ಡಮ್ಮ ತರುವುದೆಂದು ಮಾತಾಗಿತ್ತು. ಅವಳು ಕೋಟು ಹಿಡಿದುಕೊಂಡು ಹೊರಗೆ ನಿಂತಿದ್ದಳು, ಅಮ್ಮ ಒಳಗೆ ತೆಳ್ಳನೆಯ ಸ್ವೆಟರಿನಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದಳು. ಅಧಿಕಾರಿ ಎರಡೂ ಫೋಟೋಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತಂದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಈ ಇಬ್ಬರಲ್ಲಿ ನೀವು ಯಾರು ಎಂದಳು. ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ. ಬೇರೆ ಯಾರೂ ಇರಲಿಲ್ಲ ಹೇಳುವುದಕ್ಕೆ.

ಅಮ್ಮ ತುಂಬ ಹೊತ್ತು ನೋಡಿದಳು. ಮಚ್ಚೆಯಿದ್ದ ಫೋಟೋದ ಮೇಲೆ ಬೆರಳಿಟ್ಟಳು. ಹಾಗಾದರೆ ಇನ್ನೊಬ್ಬಳು ಯಾರು ಎಂದು ಅಧಿಕಾರಿ ಕೇಳಿದಳು. ಅಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ನನ್ನ ಕಡೆ ತಿರುಗಿ, ಲೈಟಿಂಗ್ ಅಂತ ಹೇಳು ಎಂದರು. ಹೇಳಿದೆ. ಅಧಿಕಾರಿ ನಗಲಿಲ್ಲ. ಡ್ರಾಯರಿನಿಂದ ಒದ್ದೆ ಕಾಗದದ ಕರವಸ್ತ್ರ ತೆಗೆದು ಅಮ್ಮನಿಗೆ ಕೊಟ್ಟು, ಕೆನ್ನೆ ಉಜ್ಜಿ ತೋರಿಸಿ ಎಂದಳು. ಬಣ್ಣ ಬಳಿದುಕೊಂಡು ಇನ್ನೊಬ್ಬಳ ಪಾಸ್‌ಪೋರ್ಟಿನಲ್ಲಿ ಬಂದಿರಬಹುದು ಎಂಬ ಅನುಮಾನ. ಅಮ್ಮ ಉಜ್ಜಿದಳು. ಇನ್ನೂ ಜೋರಾಗಿ ಎಂದಳು ಅವಳು. ಅಮ್ಮ ಇನ್ನೂ ಜೋರಾಗಿ ಉಜ್ಜಿದಳು. ಸುತ್ತಲಿನ ಚರ್ಮ ಕೆಂಪಾಯಿತು, ಮಚ್ಚೆ ಇದ್ದಲ್ಲೇ ಇತ್ತು. ಆ ಹುಡುಗಿಯ ಮೇಲೆ ನನಗೆ ಬಂದ ಸಿಟ್ಟು ಅಲ್ಲಿ ನಿಲ್ಲಲಿಲ್ಲ, ಪಕ್ಕದಲ್ಲಿದ್ದ ಅಪ್ಪನ ಕುರ್ಚಿಗೆ ದಾಟಿತು.

ನಿಜ ಹೇಳದಿದ್ದರೆ ಅಮ್ಮನನ್ನು ಮುಂದಿನ ವಿಮಾನದಲ್ಲೇ ವಾಪಸ್ ಕಳಿಸುತ್ತೇವೆ ಎಂದಳು ಅಧಿಕಾರಿ. ದೊಡ್ಡಮ್ಮ ನೂರು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಆಗ ಅಪ್ಪ ತಲೆ ತಗ್ಗಿಸಿದರು.

"ನಾನೇ ಅಳಿಸಿದ್ದು ಅಂತ ಹೇಳಮ್ಮ. ಬೇಕು ಅಂತ ಮಾಡಿದ್ದಲ್ಲ. ಕೈ ಅಭ್ಯಾಸ. ಮುಖದ ಮೇಲೆ ಏನಾದ್ರೂ ಕಂಡ್ರೆ ಮೌಸ್ ತಾನಾಗೇ ಹೋಗುತ್ತೆ."

ನಾನು ಇಂಗ್ಲಿಷಿಗೆ ಹೊರಳುವ ಮೊದಲೇ ಅಮ್ಮ ಬಾಯಿ ತೆರೆದಳು.

"ಮ್ಯಾನೇಜರ್ ನರಹುಲಿ ಮೇಲೆ ಹೋಗ್ಲಿಲ್ಲವಲ್ಲ."

ನಿಮ್ಮಮ್ಮ ಏನಂದರು ಎಂದು ಅಧಿಕಾರಿ ನನ್ನನ್ನು ಕೇಳಿದಳು. ಮನೆಯ ವಿಷಯ ಎಂದೆ, ಅಪ್ಪನ ಮಾತನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಬೆರಳಚ್ಚು ತಾಳೆ ನೋಡಿದರು, ಯಾರ್ಯಾರಿಗೋ ಫೋನು ಮಾಡಿದರು, ಅಪ್ಪನಿಂದ ಒಂದು ಹೇಳಿಕೆ ಬರೆಸಿಕೊಂಡರು. ನನ್ನ ಹೆಂಡತಿಯ ಮುಖವನ್ನು ನಾನೇ ತಿದ್ದಿದ್ದೇನೆ ಎಂದು ಬರೆದು ಅಪ್ಪ ಸಹಿ ಹಾಕಿದರು. ಇದಕ್ಕೆಲ್ಲ ಐದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಮ್ಮ ಮೇಜಿನ ಮೇಲಿದ್ದ ಆ ನುಣ್ಣನೆಯ ಹೆಂಗಸನ್ನೇ ನೋಡುತ್ತಿದ್ದಳು.

ಹೊರಗೆ ಬಂದಾಗ ದೊಡ್ಡಮ್ಮ ಓಡಿ ಬಂದು ತಬ್ಬಿಕೊಂಡಳು, ಏನಾಯಿತು ಎಂದು ಅತ್ತಳು. ಕಂಪ್ಯೂಟರ್ ಕೆಟ್ಟಿತ್ತಂತೆ ಎಂದು ಅಪ್ಪ ಹೇಳಿಬಿಟ್ಟರು. ಅಮ್ಮ ಹದಿನಾಲ್ಕು ವರ್ಷದ ಮೇಲೆ ಸಿಕ್ಕ ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಅತ್ತಳು, ಆದರೆ ಅಳು ಬಂದದ್ದು ಅಕ್ಕ ಸಿಕ್ಕಿದ್ದಕ್ಕಲ್ಲ. ಆ ಒಂದು ಗಳಿಗೆಗಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು. ಅದನ್ನೂ ಅಪ್ಪ ತಿದ್ದಿಬಿಟ್ಟಿದ್ದರು.

ಹತ್ತು ದಿನ ಇದ್ದೆವು. ಮಂಜು ಬಿತ್ತು, ಸೇತುವೆ ಸಿಕ್ಕಿತು. ರಸ್ತೆಯಲ್ಲಿ ಎಲ್ಲರೂ ಕಣ್ಣು ಮಾತ್ರ ಬಿಟ್ಟು ಮಫ್ಲರ್ ಸುತ್ತಿಕೊಂಡು ಸರಸರ ನಡೆಯುತ್ತಿದ್ದರು. ನಾವೂ ಸುತ್ತಿಕೊಂಡೆವು. ನಾಲ್ಕನೇ ದಿನ ಟ್ರಾಮಿಗೆ ಕಾಯುತ್ತಿದ್ದಾಗ ಅಮ್ಮ, ಈ ಊರು ನಿಮಗೆ ಹೇಳಿ ಮಾಡಿಸಿದ ಹಾಗಿದೆ, ನೀವು ಕೈ ಹಚ್ಚುವ ಕೆಲಸವೇ ಇಲ್ಲ ಎಂದಳು. ಆ ಪ್ರವಾಸದಲ್ಲಿ ಅವಳು ಅಪ್ಪನಿಗೆ ಹೇಳಿದ ಉದ್ದನೆಯ ಮಾತು ಅದೊಂದೇ. ಉಳಿದದ್ದೆಲ್ಲ ಹೂಂ, ಊಹೂಂ, ಬೇಡ. ಅಪ್ಪ ಫೋಟೋ ತೆಗೆಯಲೇ ಎಂದಾಗಲೆಲ್ಲ ಅವಳು ದೊಡ್ಡಮ್ಮನ ಕೈ ಹಿಡಿದುಕೊಂಡು ಮುಂದೆ ನಡೆದುಬಿಡುತ್ತಿದ್ದಳು. ಹೊರಡುವ ದಿನ ದೊಡ್ಡಮ್ಮನ ಅಡುಗೆಮನೆಯ ಕಿಟಕಿಯ ಹತ್ತಿರ ಕಾಫಿ ಲೋಟ ಹಿಡಿದು ಕೂತಿದ್ದಳು, ಮಫ್ಲರ್ ಇರಲಿಲ್ಲ. ಅಪ್ಪ ಬಾಗಿಲ ಸಂದಿಯಿಂದ ಒಂದು ಸಲ ಕ್ಲಿಕ್ಕಿಸಿದರು. ಅವಳಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಪಾಪ ಮನುಷ್ಯ ಒದ್ದಾಡುತ್ತಿದ್ದಾರೆ ಎಂದು ಸುಮ್ಮನಾದೆ.

ನಿಜಕ್ಕೂ ಒದ್ದಾಡುತ್ತಿದ್ದರು. ಊರಿಗೆ ಬಂದಮೇಲೆ ಸರಿಯಾಗಿ ಊಟ ಮಾಡಲಿಲ್ಲ. ಎರಡು ವಾರ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಏನೋ ಮಾಡುತ್ತಿದ್ದರು. ಒಂದು ಸೋಮವಾರ ಬೆಳಿಗ್ಗೆ ಮುಂದಿನ ಗಾಜಿನ ಶೋಕೇಸಿನಿಂದ ನಗುವ ಮದುಮಕ್ಕಳನ್ನೆಲ್ಲ ತೆಗೆದುಹಾಕಿದರು. ಆ ಜಾಗದಲ್ಲಿ ಅಮ್ಮನದೊಂದೇ ಫೋಟೋ, ಆಳೆತ್ತರದ್ದು, ಕರಿ ಚೌಕಟ್ಟಿನಲ್ಲಿ. ಕಿಟಕಿಯ ಬೆಳಕು ನೇರ ಎಡಗೆನ್ನೆಯ ಮೇಲೆ ಬಿದ್ದಿತ್ತು. ಒಂದು ಚುಕ್ಕೆಯನ್ನೂ ತಿದ್ದಿರಲಿಲ್ಲ. ಹೇಳಲೇಬೇಕು, ಅವರು ಜೀವಮಾನದಲ್ಲಿ ತೆಗೆದ ಅತ್ಯುತ್ತಮ ಫೋಟೋ ಅದು.

ಬಸ್ಸಿಗೆ ಕಾಯುವವರೆಲ್ಲ ಗಾಜಿನ ಮುಂದೆ ನಿಂತರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಅಂಚೆ ಕಚೇರಿಗೆ ಬಂತು. ಕೌಂಟರಿಗೆ ಬಂದವರು ಒಬ್ಬರಾದ ಮೇಲೊಬ್ಬರು ಅಮ್ಮನಿಗೆ, ನಿಮ್ಮ ಯಜಮಾನರದ್ದು ಎಂಥ ದೊಡ್ಡ ಮನಸ್ಸು, ಇಂಥ ಗಂಡ ಎಲ್ಲರಿಗೂ ಸಿಗುತ್ತಾನೆಯೇ ಎಂದರು. ಇಪ್ಪತ್ತೆರಡು ವರ್ಷ ಅವರ ಕಣ್ಣ ಮುಂದೆಯೇ ಇದ್ದ ಮುಖವನ್ನು ಅವತ್ತು ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಅಮ್ಮ ಅರ್ಧ ದಿನ ರಜೆ ಬರೆದು ನೇರ ಸ್ಟುಡಿಯೋಗೆ ಬಂದಳು. ನಾನು ಅಲ್ಲೇ ಇದ್ದೆ. ಅಪ್ಪ ಕುರ್ಚಿಯಿಂದ ಎದ್ದು ನಿಂತರು, ಈಗಲಾದರೂ ಒಂದು ಒಳ್ಳೆಯ ಮಾತು ಕೇಳಬಹುದೆಂಬ ಆಸೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

"ಅಳಿಸುವಾಗಲೂ ನನ್ನನ್ನ ಕೇಳಲಿಲ್ಲ," ಅಮ್ಮ ಹೇಳಿದಳು. "ತೋರಿಸುವಾಗಲೂ ಕೇಳಲಿಲ್ಲ. ನೀವು ಒಳ್ಳೆಯವರು ಅನ್ನಿಸಿಕೊಳ್ಳೋದಕ್ಕೂ ನನ್ನ ಮುಖಾನೇ ಬೇಕಾಯ್ತೇನ್ರಿ?"

ಹೇಳಿ ಹೊರಟುಹೋದಳು. ಅಪ್ಪ ಫೋಟೋ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟರು. ಆಮೇಲೆ ನನ್ನ ಹತ್ತಿರ ಬಂದು, ನಿಮ್ಮಮ್ಮನಿಗೆ ನನ್ನಿಂದ ಏನು ಬೇಕಂತೆ, ಒಂಚೂರು ಕೇಳಿ ಹೇಳು ಎಂದರು. ನೀವೇ ಕೇಳಿ ಎಂದೆ.

ಇದಾಗಿ ಏಳು ತಿಂಗಳಾಯಿತು. ದಿನಾ ಸಂಜೆ ಇಬ್ಬರೂ ಒಂದೇ ಮೇಜಿಗೆ ಎದುರುಬದುರು ಕೂತು ಊಟ ಮಾಡುತ್ತಾರೆ. ಅಮ್ಮ ಬಡಿಸುತ್ತಾಳೆ, ಸಾಕೇ ಎನ್ನುತ್ತಾಳೆ, ಅಪ್ಪ ಸಾಕು ಎನ್ನುತ್ತಾರೆ. ಏನು ಬೇಕು ಎಂದು ಮಾತ್ರ ಅಪ್ಪ ಇನ್ನೂ ಕೇಳಿಲ್ಲ.