ನಾಲಿಗೆಗೆ ಮುಟ್ಟಿಸಿದ ಪಾಠ

ಮೊನ್ನೆ ಅಡುಗೆಮನೆಯ ಅಟ್ಟ ಸ್ವಚ್ಛ ಮಾಡುವಾಗ ಒಂದು ಡಬ್ಬಿ ಸಿಕ್ಕಿತು. ಮೇಲೆ ಹೆಸರಿಲ್ಲ, ಒಳಗೆ ಬೆಳ್ಳಗಿನ ಪುಡಿ. ಸೋಡಾಪುಡಿಯೋ, ಪಟಿಕವೋ, ಯಾವಾಗಲೋ ಕುಟ್ಟಿಟ್ಟ ಸಕ್ಕರೆಯೋ ತಿಳಿಯಲಿಲ್ಲ. ನನ್ನ ತಮ್ಮನ ಮಗಳು ಸುಮ ಪಕ್ಕದಲ್ಲೇ ಇದ್ದಳು. ಒಂಚೂರು ನಾಲಿಗೆಗೆ ಹಾಕಿಕೊಂಡು ನೋಡಿದರಾಯ್ತಪ್ಪ ಎನ್ನುತ್ತಾ ಬೆರಳು ಅದ್ದಲು ಹೋದಳು. ನಾನು ಅವಳ ಕೈಮೇಲೆ ಪಟ್ಟನೆ ಹೊಡೆದುಬಿಟ್ಟೆ. ಮೂವತ್ತು ದಾಟಿದ ಹುಡುಗಿ, ಪಾಪ, ಬೆಚ್ಚಿಬಿದ್ದಳು. ಡಬ್ಬಿಯನ್ನು ಹಿತ್ತಲಿಗೆ ಒಯ್ದು ಸುರಿದು, ಎರಡೆರಡು ಸಲ ಕೈ ತೊಳೆದು ಬರುವಷ್ಟರಲ್ಲಿ ಅವಳಿಗೆ ನಗು ಬಂದಿತ್ತು. ಜೀವಮಾನವೆಲ್ಲ ಕೆಮಿಸ್ಟ್ರಿ ಪಾಠ ಮಾಡಿದ ಅತ್ತೆಗೆ ಸಕ್ಕರೆ ಕಂಡರೆ ಭಯ ಎಂದು ಅವರಪ್ಪನಿಗೆ ಫೋನಿನಲ್ಲಿ ಹೇಳಿ ನಕ್ಕಳು.

ಈ ಸುಮ ಮಾಡುತ್ತಿರುವ ಸಂಶೋಧನೆಯೇ ಅಂಥದ್ದು. ಮಕ್ಕಳು ರಸಾಯನಶಾಸ್ತ್ರವನ್ನು ಹೇಗೆ ಕಲಿಯುತ್ತಾರೆ, ಯಾವುದು ತಲೆಯಲ್ಲಿ ಉಳಿಯುತ್ತದೆ, ಮೇಷ್ಟ್ರುಗಳು ಏನೇನು ಉಪಾಯ ಮಾಡುತ್ತಾರೆ ಎಂದು ಹಿಂದೂಪುರದ ಸುತ್ತಲಿನ ಶಾಲೆಗಳಿಗೆ ಹೋಗಿ ಬರೆದುಕೊಂಡು ಬರುತ್ತಾಳೆ. ಅದಕ್ಕೆಂದೇ ಎರಡು ವಾರದಿಂದ ನನ್ನ ಮನೆಯಲ್ಲಿದ್ದಾಳೆ. ಅವಳ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಇದೆ, ಅದರ ತುಂಬ ಪುಟ್ಟಪುಟ್ಟ ಗುಳಿಗಳು. ಒಂದೊಂದು ಗುಳಿಗೆ ಒಂದೊಂದು ಹನಿ ಆಸಿಡ್ ಸಾಕಂತೆ, ಇಡೀ ಪ್ರಯೋಗವೇ ಮುಗಿಯುತ್ತದಂತೆ. ನಮ್ಮ ಕಾಲದಲ್ಲಿ ಬಾಟಲಿಗಟ್ಟಲೆ ಸುರಿದು ಮೂಗಿನಲ್ಲಿ ನೀರು ಸುರಿಸಿಕೊಂಡವರು ನಾವು. ಆ ಹಾಳೆಯನ್ನು ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತೆನ್ನಿ.

ಭಯದ ಮಾತಿಗೆ ಬರುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಬಿಳಿ ಪುಡಿ ಕಂಡರೆ ನನಗೆ ನಿಜವಾಗಿಯೂ ಭಯ. ಹುಟ್ಟಿನಿಂದ ಬಂದದ್ದಲ್ಲ ಅದು. ಹುಟ್ಟಿನಿಂದ ಬಂದದ್ದು ಅದಕ್ಕೆ ತೀರಾ ವಿರುದ್ಧವಾದದ್ದು. ನಮ್ಮಪ್ಪ ಹಿಂದೂಪುರದ ಮಾರುಕಟ್ಟೆಯ ಒಂದು ಹುಣಿಸೆಹಣ್ಣಿನ ಮಂಡಿಯಲ್ಲಿ ಹಣ್ಣಿನ ತರ ಹೇಳುವ ಕೆಲಸದಲ್ಲಿದ್ದರು. ಗೋಣಿಯೊಳಗೆ ಕೈ ತೂರಿಸಿ ಒಂದು ಎಳೆ ಕಿತ್ತು, ನಾಲಿಗೆಯ ತುದಿಗೆ ಮುಟ್ಟಿಸಿ, ಥೂ ಎಂದು ಉಗಿದು, ಇದು ಈ ವರ್ಷದ್ದು, ಇದು ಹೋದ ವರ್ಷದ್ದು, ಇದರಲ್ಲಿ ಹಳೆಯದು ಬೆರೆಸಿದ್ದಾರೆ ಎಂದು ಹೇಳುತ್ತಿದ್ದರು. ಅವರ ಮಾತಿಗೆ ಎದುರಾಡುವವರಿರಲಿಲ್ಲ. ಶಾಲೆ ಬಿಟ್ಟು ಮಂಡಿಗೆ ಹೋದರೆ ನನಗೂ ಒಂದು ಎಳೆ ಕೊಟ್ಟು ಪರೀಕ್ಷೆ ಮಾಡುತ್ತಿದ್ದರು. 'ಕಣ್ಣು ಮೋಸ ಹೋಯ್ತದೆ, ಕೈ ಮೋಸ ಹೋಯ್ತದೆ. ನಾಲ್ಗೆ ಮಾತ್ರ ಸುಳ್ಳು ಹೇಳಾಕಿಲ್ಲ ಕಣಮ್ಮ' ಎನ್ನುತ್ತಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು ಎಂದು ಮೂರು ಕಡೆ ಎಳೆದಾಡಿಸಿಕೊಂಡು ಓದಿದ ನನಗೆ ಆ ಒಂದು ಮಾತು ಮಾತ್ರ ಯಾವ ಗೊಂದಲವೂ ಇಲ್ಲದೆ ಒಳಗಿಳಿದಿತ್ತು.

ಎಂಬತ್ತರ ದಶಕದ ಶುರುವಿನಲ್ಲಿ ಕಲ್ಯಾಣದುರ್ಗದ ಒಂದು ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಕೆಲಸ ಸಿಕ್ಕಿತು. ಕೆಲಸ ಕಾಯಂ ಆಗಿರಲಿಲ್ಲ, ವರ್ಷವರ್ಷವೂ ಆರ್ಡರ್ ಬರಬೇಕು. ಅಲ್ಲಿನ ಲ್ಯಾಬಿನಲ್ಲಿ ಓಬುಳೇಶು ಎಂಬ ಅಟೆಂಡರಿದ್ದ. ಲಿಟ್ಮಸ್ ಕಾಗದದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದ. ಪರೀಕ್ಷೆಗೆ ಹೊರಗಿನ ಎಗ್ಜಾಮಿನರ್ ಬಂದಾಗ ಮಾತ್ರ ಅದು ಹೊರಗೆ ಬರಬೇಕು. ಆಸಿಡ್ ಬಿದ್ದರೆ ನೀಲಿ ಕಾಗದ ಕೆಂಪಾಗುತ್ತದೆ ಎಂದು ಮಕ್ಕಳಿಗೆ ಹೇಳಬಹುದಿತ್ತು, ತೋರಿಸುವಂತಿರಲಿಲ್ಲ. ಎಷ್ಟು ಗೋಗರೆದರೂ 'ಆಡಿಟ್ ಉಂದಿ ಮೇಡಂ', ಆಡಿಟ್ ಇದೆ, ಎನ್ನುತ್ತಿದ್ದ. ಇಪ್ಪತ್ತನಾಲ್ಕರ ನನಗೆ ಅವನೊಂದಿಗೆ ಜಗಳ ಕಾಯುವ ಧೈರ್ಯವಿರಲಿಲ್ಲ.

ಆಗ ಅಪ್ಪನ ವಿದ್ಯೆ ನೆನಪಾಯಿತು. ಬೀಕರಿನ ತುಂಬ ನೀರು, ಅದಕ್ಕೆ ಒಂದೆರಡು ಹನಿ ಹೈಡ್ರೋಕ್ಲೋರಿಕ್ ಆಸಿಡ್. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬೆರಳು ಅದ್ದಿಸಿ, ನಾಲಿಗೆಯ ತುದಿಗೆ ಮುಟ್ಟಿಸಿ ಉಗಿಸಿದೆ. ಹುಳಿ ಇದ್ದರೆ ಆಸಿಡ್. ಆಮೇಲೆ ಸುಣ್ಣದ ತಿಳಿ. ಒಗರೊಗರಾಗಿ ಜಾರಿದರೆ ಕ್ಷಾರ. ಪುಸ್ತಕದ ಸಾಲು ಓದಿ ಆಕಳಿಸುತ್ತಿದ್ದ ಮಕ್ಕಳು ಆವತ್ತು ಮುಖ ಕಿವಿಚಿಕೊಂಡು ನಕ್ಕರು. ಒಂದು ತಿಂಗಳಾದ ಮೇಲೆ ಕೇಳಿದರೂ ಒಬ್ಬರೂ ಮರೆತಿರಲಿಲ್ಲ. ನಾನೆಷ್ಟು ಉಬ್ಬಿಹೋದೆನೆಂದರೆ, ಯಾರೂ ಕೇಳದಿದ್ದರೂ ಸ್ಟಾಫ್ ರೂಮಿನಲ್ಲಿ ಅದನ್ನೇ ಕೊಚ್ಚಿಕೊಂಡೆ. ಆ ಉಬ್ಬಿನಲ್ಲೇ ಇನ್ನೊಂದು ದಿನ, ಪಾಠದ ಕೊನೆಗೆ ಐದು ನಿಮಿಷ ಉಳಿದಿದೆಯೆಂದು, ಲೆಡ್ ಅಸಿಟೇಟ್ ಎಂಬ ಬಿಳಿ ಲವಣ ಸಿಹಿಯಾಗಿರುತ್ತದೆ, ಹಿಂದಿನವರು ಅದನ್ನು ಸೀಸದ ಸಕ್ಕರೆ ಎನ್ನುತ್ತಿದ್ದರು ಎಂದು ಕಥೆ ಹೇಳಿದೆ. ವಿಷ ಎಂದೂ ಹೇಳಿದ್ದೆ. ಹೇಳಿದ್ದೆನೆಂದೇ ಇಷ್ಟು ವರ್ಷ ಅಂದುಕೊಂಡಿದ್ದೇನೆ. ಬೆಲ್ ಹೊಡೆದಿತ್ತು, ಬೆಂಚುಗಳು ಸದ್ದು ಮಾಡುತ್ತಿದ್ದವು, ಆ ಮಾತು ಎಷ್ಟು ಜನರ ಕಿವಿಗೆ ಬಿತ್ತೋ ಗೊತ್ತಿಲ್ಲ.

ಮಾರೆಕ್ಕ ಎಂಬ ಹುಡುಗಿ ಆ ತರಗತಿಯಲ್ಲಿದ್ದಳು. ಗಡಿಯ ಕಡೆಯ ಹಳ್ಳಿಯವಳು, ಮನೆಮಾತು ಕನ್ನಡ. ನಾನು ಕನ್ನಡದವಳೆಂದು ಗೊತ್ತಾದ ದಿನದಿಂದ ನನ್ನ ಹಿಂದೆಮುಂದೆಯೇ ಸುತ್ತುತ್ತಿದ್ದಳು. ಪರೀಕ್ಷೆ ಎಂದರೆ ಮಾತ್ರ ಕೈಕಾಲು ಬಿಡುತ್ತಿದ್ದಳು. ಪಬ್ಲಿಕ್ ಪರೀಕ್ಷೆಗೆ ಮುಂಚೆ ನಾವೇ ನಡೆಸುವ ಪ್ರಾಕ್ಟಿಕಲ್ಸ್ ಇತ್ತು. ಒಬ್ಬೊಬ್ಬರಿಗೂ ಕಾಗದದ ಪೊಟ್ಟಣದಲ್ಲಿ ಒಂದೊಂದು ಲವಣ ಕೊಟ್ಟು, ಅದು ಯಾವುದೆಂದು ಕಂಡುಹಿಡಿಯಲು ಹೇಳಿದ್ದೆ. ಎರಡು ಗಂಟೆಯ ಕೆಲಸ. ಹತ್ತೇ ನಿಮಿಷಕ್ಕೆ ಮಾರೆಕ್ಕ ಉತ್ತರ ಬರೆದು ಕೂತಿದ್ದಳು. ಟೆಸ್ಟ್ ಟ್ಯೂಬುಗಳು ಒಣಗಿಯೇ ಇದ್ದವು, ದೀಪ ಹಚ್ಚಿರಲಿಲ್ಲ. ಹೇಗೆ ಕಂಡುಹಿಡಿದೆ ಎಂದು ಕೇಳಿದೆ.

'ಸೀ ಐತೆ ಮೇಡಂ' ಅಂದಳು, ಪಕ್ಕದವರಿಗೆ ಕೇಳದ ಹಾಗೆ, ಖುಷಿಯಿಂದ. 'ನೀವೇ ಹೇಳಿದ್ರಲ್ಲಾ, ಸೀಸದ ಸಕ್ರೆ ಅಂತ.'

ಎಷ್ಟು ತಿಂದೆ ಎಂದು ಕೇಳಿದೆ. ಮೊದಲು ಒಂಚೂರು, ಡೌಟ್ ಬಂತೆಂದು ಮತ್ತೆರಡು ಸಲ ಎಂದಳು. ಉಗಿದೆಯಾ ಎಂದರೆ, ಲ್ಯಾಬಿನಲ್ಲಿ ಉಗಿಯಲು ನಾಚಿಕೆಯಾಯಿತಂತೆ. ಪೊಟ್ಟಣ ಬಿಚ್ಚಿ ನೋಡಿದೆ. ಅರ್ಧಕ್ಕರ್ಧ ಇರಲಿಲ್ಲ. ಅದರಲ್ಲಿ ಚೆಲ್ಲಿದ್ದೆಷ್ಟು, ಹೊಟ್ಟೆಗೆ ಹೋದದ್ದೆಷ್ಟು ಎಂದು ಹೇಳುವವರು ಯಾರೂ ಇರಲಿಲ್ಲ.

ಓಬುಳೇಶು ಓಡಿಹೋಗಿ ಜಟಕಾ ತಂದ. ಆಸ್ಪತ್ರೆ ದೂರವೇನಿಲ್ಲ, ಆದರೂ ಆ ದಾರಿ ಮುಗಿಯಲೇ ಇಲ್ಲ. ಅವಳ ಕೈ ನನ್ನ ಕೈಯಲ್ಲಿತ್ತು. ಅವಳಿಗೆ ಇನ್ನೂ ಏನೂ ಆಗಿರಲಿಲ್ಲ, ನನ್ನ ಮುಖ ನೋಡಿ ಅವಳು ಹೆದರಿದಳು. ಡಾಕ್ಟರು ಎಷ್ಟು ತಿಂದಿದ್ದಾಳೆಂದು ಕೇಳಿದರು, ಗೊತ್ತಿಲ್ಲ ಎಂದೆ. ಭೇದಿ ಉಪ್ಪನ್ನು ನೀರಿನಲ್ಲಿ ಕದಡಿ ಕುಡಿಸಿದರು. ಅದೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಉಪ್ಪಿನಲ್ಲಿರುವ ಸಲ್ಫೇಟು ಸೀಸವನ್ನು ಹಿಡಿದು ಬಿಳಿಯ ಗಸಿಯಾಗಿ ತಳಕ್ಕಿಳಿಸುತ್ತದೆ, ಆಮೇಲೆ ಅದು ಸುಲಭಕ್ಕೆ ಕರಗುವುದಿಲ್ಲ. ಹಿಂದಿನ ವಾರವಷ್ಟೇ ಟೆಸ್ಟ್ ಟ್ಯೂಬಿನಲ್ಲಿ ಅದನ್ನೇ ಮಾಡಿ ತೋರಿಸಿ, ಎಷ್ಟು ಚಂದ ಇದೆ ನೋಡಿ ಎಂದಿದ್ದೆ. ಈಗ ಅದು ಒಂದು ಮಗುವಿನ ಹೊಟ್ಟೆಯಲ್ಲಿ ಆಗಬೇಕಾಗಿತ್ತು. ಪೂರ್ತಿ ಆಗುತ್ತದೋ ಇಲ್ಲವೋ ಎಂದು ನೋಡಲು ಗಾಜಿನ ಗೋಡೆ ಇರಲಿಲ್ಲ.

ಸಂಜೆಯ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಅವಳು ಹೊಟ್ಟೆ ಹಿಡಿದುಕೊಂಡು ಮುದುಡಿದಾಗಲೆಲ್ಲ ನಾನು ಡಾಕ್ಟರ ಮುಖ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ಆಗ ನನಗೆ ಎರಡು ಭಯಗಳಿದ್ದವು. ಈ ಹುಡುಗಿ ಸತ್ತರೆ ಎಂಬುದು ಒಂದು. ಬದುಕಿ ಬಾಯಿಬಿಟ್ಟರೆ ಎಂಬುದು ಇನ್ನೊಂದು. ಎರಡನೆಯದನ್ನು ಬರೆಯುವಾಗ ಈಗಲೂ ಮನಸ್ಸು ಹೇಸುತ್ತದೆ.

ಐದು ಗಂಟೆಗೆ ಪ್ರಿನ್ಸಿಪಾಲರು ಬಂದರು. ಇದನ್ನು ಬಾಯಿಗಿಡಲು ನಿನಗೆ ಯಾರು ಹೇಳಿದರು ಎಂದು ತೆಲುಗಿನಲ್ಲಿ ಕೇಳಿದರು. ಮಾರೆಕ್ಕ ನನ್ನ ಕಡೆ ಒಂದು ಸಲ ನೋಡಿದಳು.

'ಎವರೂ ಚೆಪ್ಪಲೇದು ಸಾರ್. ನೇನೇ ತಿನ್ನಾನು' ಅಂದಳು. ಯಾರೂ ಹೇಳಲಿಲ್ಲ, ನಾನೇ ತಿಂದೆ.

ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಆ ವರ್ಷದ ಆರ್ಡರ್ ಇನ್ನೂ ಬಂದಿರಲಿಲ್ಲ. ನಾನು ತುಟಿ ಬಿಚ್ಚಲಿಲ್ಲ. ಪ್ರಿನ್ಸಿಪಾಲರು ಅವಳನ್ನೇ ಗದರಿಸಿ ಹೊರಟುಹೋದರು.

ಎರಡು ದಿನಕ್ಕೆ ನೋವು ಇಳಿಯಿತು, ನಾಲ್ಕನೆಯ ದಿನ ಮನೆಗೆ ಕಳಿಸಿದರು. ಅವಳ ತಾಯಿ ಒಂದು ಚೀಲ ಕಡಲೆಕಾಯಿ ಹೊತ್ತುಕೊಂಡು ನನ್ನ ಕೋಣೆಗೆ ಬಂದು ಕೈ ಹಿಡಿದುಕೊಂಡರು. 'ನೀವು ನೋಡ್ಕಂಡಿದ್ಕೆ ನಮ್ ಮಗು ಉಳ್ಕಂತು ಕಣಮ್ಮ. ನಿಮ್ಮೊಟ್ಟೆ ತಣ್ಣಗಿರ್ಲಿ' ಅಂದರು. ಆ ಕಡಲೆಕಾಯಲ್ಲಿ ಒಂದನ್ನೂ ನಾನು ತಿನ್ನಲಾರದೆ ಎಲ್ಲವನ್ನೂ ಓಬುಳೇಶುವಿಗೆ ಕೊಟ್ಟುಬಿಟ್ಟೆ. ಅವನು ಚೀಲ ತೆಗೆದುಕೊಂಡು, ಲಿಟ್ಮಸ್ ಡಬ್ಬಿಯನ್ನು ತಾನಾಗಿಯೇ ತಂದು ನನ್ನ ಮೇಜಿನ ಮೇಲಿಟ್ಟ. ಅವನಿಗೆ ಎಲ್ಲ ಗೊತ್ತಿತ್ತೆಂದು ಕಾಣುತ್ತದೆ. ಅಂದಿನಿಂದ ಬೆರಳು ಅದ್ದಿಸುವ ಪಾಠ ನಿಂತಿತು. ಯಾಕೆ ನಿಲ್ಲಿಸಿದೆ ಎಂದು ಮಕ್ಕಳಿಗೆ ಹೇಳಲಿಲ್ಲ. ಹೇಳಿದರೆ ತಪ್ಪು ಒಪ್ಪಿಕೊಂಡಂತಾಗುತ್ತದಲ್ಲ.

ಮಾರೆಕ್ಕ ಪಾಸಾಗಿ ಹೋದಳು, ನನ್ನ ಕೆಲಸ ಕಾಯಂ ಆಯಿತು, ನನಗೆ ಹಿಂದೂಪುರಕ್ಕೆ ವರ್ಗವೂ ಆಯಿತು. ಹೆಚ್ಚುಕಡಿಮೆ ಹದಿನೈದು ವರ್ಷ ಕಳೆದ ಮೇಲೆ, ತೊಂಬತ್ತರ ದಶಕದಲ್ಲಿ ಒಂದು ದಿನ, ಪೆನುಕೊಂಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಸೋಮಂದೇಪಲ್ಲಿಯಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನನ್ನೇ ದಿಟ್ಟಿಸಿ, ಬಂದು ಪಕ್ಕದಲ್ಲಿ ಕೂತು, ನಾನು ಮಾರೆಕ್ಕ ಮೇಡಂ ಅಂದಳು. ದುಂಡಗಾಗಿದ್ದಳು, ಕನ್ನಡಕ ಬಂದಿತ್ತು. ಅವಳ ಮುಖಕ್ಕಿಂತ ಮೊದಲು ಹೊಟ್ಟೆಯ ಕಡೆಗೆ ನನ್ನ ಕಣ್ಣು ಹೋಯಿತು. ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಆಗಿದ್ದೇನೆ, ಎರಡು ಮಕ್ಕಳು, ಆರೋಗ್ಯ ಚೆನ್ನಾಗಿದೆ ಎಂದೆಲ್ಲ ಹೇಳಿದಳು. ನನ್ನ ಎದೆಯ ಮೇಲಿನ ಭಾರ ಇಳಿಯಿತು ಎಂದುಕೊಳ್ಳುತ್ತಿದ್ದೆ.

'ನಿಮ್ಮ ಪಾಠಾನೇ ಮಾಡ್ತೀನಿ ಮೇಡಂ' ಅಂದಳು. 'ಬೆರಳದ್ದಿ ನಾಲ್ಗೆಗೆ ಮುಟ್ಟುಸ್ಬುಟ್ರೆ ಮಕ್ಳು ಜಲ್ಮದಾಗೆ ಮರೆಯಾಕಿಲ್ಲ.'

ಬಸ್ಸಿನ ಸದ್ದಿನಲ್ಲಿ ನಾನು ತಪ್ಪಾಗಿ ಕೇಳಿಸಿಕೊಂಡಿರಬೇಕೆಂದು ಆಸೆಪಟ್ಟೆ. ಇಲ್ಲ. ಆರೇಳು ವರ್ಷದಿಂದ ಮಾಡುತ್ತಿದ್ದಾಳೆ. ಆಸಿಡ್ಡಿಗೆ ಎಷ್ಟು ನೀರು ಬೆರೆಸುತ್ತೀಯಾ ಎಂದರೆ, ಅಂದಾಜಿಗೆ ಎಂದಳು. ಆವತ್ತು ಆಸ್ಪತ್ರೆಯಲ್ಲಿ ಆಡಬೇಕಾಗಿದ್ದ ಮಾತನ್ನು ನಾನು ಆ ಬಸ್ಸಿನಲ್ಲಿ ಆಡಿದೆ. ಆ ಪಾಠವೇ ತಪ್ಪು, ನನ್ನಿಂದಲೇ ನೀನು ಸಾಯುವುದರಲ್ಲಿದ್ದೆ, ಕೆಲಸ ಹೋಗುತ್ತದೆಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದೆ ಎಂದೆ.

'ನಾನು ತಿಂದಿದ್ದು ತಪ್ಪು ಅಂದ್ಕಂಡಿದ್ದೆ ಮೇಡಂ' ಅಂದಳು ಮಾರೆಕ್ಕ. 'ಕಲ್ಸಿದ್ದು ತಪ್ಪು ಅಂತ ನೀವು ಅನ್ಲೇ ಇಲ್ವಲ್ಲಾ.'

ನಾಳೆಯಿಂದ ನಿಲ್ಲಿಸುತ್ತೇನೆ, ಆದರೆ ಕಲಿತುಹೋದವರನ್ನು ಎಲ್ಲಿ ಹುಡುಕಲಿ ಎಂದು ತನಗೆ ತಾನೇ ಹೇಳಿಕೊಂಡಳು. ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಜನರ ನಡುವೆ ಹೊರಟುಹೋದಳು. ನಮ್ಮ ಕಡೆ ಶತ್ರುವಿನ ಮನೆಯಿಂದ ಹೊರಡುವಾಗಲೂ 'ಬತ್ತೀನಿ' ಎನ್ನದೆ ಹೊರಡುವುದಿಲ್ಲ. ಅವಳು ಅನ್ನಲಿಲ್ಲ.

ಅವಳಾದರೂ ನಿಲ್ಲಿಸಿದಳಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಕಲಿತುಹೋದವರ ಮಾತನ್ನು ಬೇಕೆಂದೇ ಮರೆತೆ. ಮರೆಯುವುದರಲ್ಲಿ ನಾನು ನಿಸ್ಸೀಮಳು.

ನಿನ್ನೆ ಸಂಜೆ ಸುಮ ಚಿಲಮತ್ತೂರಿನ ಆಚೆಗಿನ ಒಂದು ಶಾಲೆಗೆ ಹೋಗಿ ಬಂದಳು. ಕಾಫಿ ಲೋಟ ಕೈಗೆ ಕೊಟ್ಟೆ, ಕುಡಿಯುವುದನ್ನು ಬಿಟ್ಟು ಮಾತಿಗೆ ಕೂತಳು. ಅಲ್ಲಿ ನಲವತ್ತರ ಆಸುಪಾಸಿನ ಒಬ್ಬ ಮೇಷ್ಟ್ರು ಮಕ್ಕಳ ಕೈಯಲ್ಲಿ ಆಸಿಡ್ ನೀರಿಗೆ ಬೆರಳು ಅದ್ದಿಸಿ ನಾಲಿಗೆಗೆ ಮುಟ್ಟಿಸುತ್ತಿದ್ದರಂತೆ. ಇವಳು ಬೆಚ್ಚಿ ತಡೆದರೆ, ತಮ್ಮ ಹೈಸ್ಕೂಲ್ ಟೀಚರಮ್ಮ ಹೀಗೆಯೇ ಕಲಿಸಿದ್ದು, ಬಹಳ ಒಳ್ಳೆಯ ಟೀಚರು ಎಂದರಂತೆ. 'ಆ ಟೀಚರಮ್ಮಂಗೆ ಯಾರು ಕಲಿಸಿದ್ರೋ ಗೊತ್ತಿಲ್ಲ ಅತ್ತೆ. ಎಲ್ಲಿಂದ ಶುರುವಾಯ್ತು ಅಂತ ಇನ್ನು ತಿಳಿಯೋ ಹಾಗೇ ಇಲ್ಲ' ಅಂದಳು.

ಯಾವ ಮಗುವಿಗಾದರೂ ಏನಾದರೂ ಆಗಿದೆಯಾ ಎಂದು ಕೇಳಿದೆ. ಇದುವರೆಗೆ ಇಲ್ಲ ಎಂದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಓಬುಳೇಶು ಹೋಗಿ ಎಷ್ಟೋ ವರ್ಷವಾಯಿತು, ಮಾರೆಕ್ಕ ಆವತ್ತಿನಿಂದ ನನ್ನ ಕಣ್ಣಿಗೆ ಬಿದ್ದಿಲ್ಲ. ಸುಮ್ಮನಿರುವುದು ನನಗೆ ರೂಢಿಯೂ ಇತ್ತು.

'ನನ್ನಿಂದ ಶುರುವಾಗಿದ್ದು ಕಣೇ' ಅಂದೆ. 'ಬರ್ಕೋ. ಹೆಸರು ಸಮೇತ ಬರ್ಕೋ.'

ಎಲ್ಲ ಹೇಳಿದೆ, ನಿಮಗೆ ಹೇಳಿದಷ್ಟನ್ನೂ. ಅವಳ ಕಾಫಿ ಕೆನೆಗಟ್ಟಿತು. ಮುಗಿದ ಮೇಲೆ ಪೆನ್ನು ಕೆಳಗಿಟ್ಟು, ನನ್ನ ಮುಖ ನೋಡದೆ, 'ಬೇಡ ಅತ್ತೆ. ಸಂಶೋಧನೇಲಿ ನಾವು ಯಾರ ಹೆಸರೂ ಹಾಕಲ್ಲ' ಅಂದಳು. ಮೃದುವಾಗಿಯೇ ಅಂದಳು. ಆಸ್ಪತ್ರೆಯ ಮಂಚದ ಮೇಲಿಂದ ಒಬ್ಬಳು ನನ್ನನ್ನು ಉಳಿಸಿದ್ದಳು, ಈಗ ಇನ್ನೊಬ್ಬಳು ಉಳಿಸಲು ನೋಡುತ್ತಿದ್ದಳು.

ಇದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಆ ಶಾಲೆಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಬೆಳಿಗ್ಗೆ ಎಂಟೂವರೆಗಂತೆ. ಈಗ ಎಂಟು. ಸೀರೆ ಉಟ್ಟು ಕೂತು ಇದನ್ನು ಬರೆಯುತ್ತಿದ್ದೇನೆ. ಆ ಮಕ್ಕಳ ಮುಂದೆ, ಆ ಮೇಷ್ಟ್ರ ಮುಂದೆ ನಿಂತು ಹೇಳಬೇಕಾದ ಮೊದಲ ಮಾತನ್ನು ಬೆಳಗಿನಿಂದ ಬಾಯಿಪಾಠ ಮಾಡುತ್ತಿದ್ದೇನೆ: ನನ್ನ ಹೆಸರು ಇಂಥದ್ದು, ಈ ಪಾಠ ನನ್ನದು, ಇದು ತಪ್ಪು. ಮೂರೇ ಮಾತು. ಒಂದು ಸಲವೂ ತೊದಲದೆ ಬಂದಿಲ್ಲ.